ಗಾಡಿಗೆ ಟಾನಿಕ್

ಫೆಬ್ರವರಿ 6, ಬೆಳಿಗ್ಗೆ

ಸಕಲ ಜನರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಈ ಮನೆಯ ಆಲಿಕೆ ಕಾಣೆಯಾಗಿದೆ. ಮೈ ಸ್ಟೀಲು. ಎತ್ತರ ಒಂದು ಗೇಣಿಗಿಂತ ಕಡಿಮೆ. ಬಾಯಿ ಅಗಲ, ಥೇಟ್ ನನ್ನ ಹಾಗೆ ಎಂದು ಇವರ ಅಭಿಪ್ರಾಯ. ಡಬ್ಬದಿಂದ ಬಾಟಲಿಗೆ ಎಣ್ಣೆ ಬಗ್ಗಿಸುವಾಗ ಕಡೆಯ ಸಲ ಕಂಡದ್ದು. ಕಂಡವರು ತಂದುಕೊಡಬೇಕು. ತಂದುಕೊಟ್ಟವರನ್ನು ಬೈಯುವುದಿಲ್ಲ.

ಬೈಯುತ್ತೇನೆ.

ಇವತ್ತು ಆಲಿಕೆಯಿಲ್ಲದೆ ಬಗ್ಗಿಸಿದೆ. ಅರ್ಧ ಎಣ್ಣೆ ಬಾಟಲಿಗೆ, ಅರ್ಧ ಕಟ್ಟೆಗೆ. "ಒಂದು ಆಲಿಕೆಗೆ ಇಷ್ಟು ರಂಪನಾ?" ಅಂದರು ಇವರು. ಹೊಸ ಲಾರಿಯ ಬಂಪರ್ ಮೇಲೆ ಒಂದು ಗೀರು ಬಿದ್ದಿದ್ದಕ್ಕೆ ಆ ದಿನವೆಲ್ಲ ಊಟ ಬಿಟ್ಟ ಮನುಷ್ಯ!

ಹೊಸ ಗಾಡಿ ಅಂದರೆ ಸಾಮಾನ್ಯವಲ್ಲ. ಒಳಗೆಲ್ಲ ಕಂಪ್ಯೂಟರು, ಸೆನ್ಸರು. ಹೊಗೆ ಸೋಸೋಕೆ ಸೈಲೆನ್ಸರ್‌ನಲ್ಲೇ ಒಂದು ಫಿಲ್ಟರು. ನನಗೆ ಜ್ವರ ಬಂದರೆ "ಮಾತ್ರೆ ನುಂಗಿ ಮಲಗು". ಗಾಡಿ ಸೀನಿದರೆ ಸ್ಪೆಷಲಿಸ್ಟ್.

ಅದೇ ದಿನ, ಸಂಜೆ

ಪೇಟೆಗೆ ಹೋಗಿದ್ದೆ. ಮಾವನದು ಯಾವಾಗಲೂ ಎರಡು ಬಾಟಲಿ. ಮೆಡಿಕಲ್ ಶಾಪಿನಿಂದ ಕೆಮ್ಮಿನ ಔಷಧಿ — ಅವರಿಗೆ. ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಕೆಂಪು ಬಾಟಲಿ, ಡೀಸೆಲ್‌ಗೆ ಬೆರೆಸುವ ಟಾನಿಕ್ — ಹಿತ್ತಲ ಶೆಡ್ಡಿನ ಜನರೇಟರ್‌ಗೆ.

"ಮಾವ, ಆ ಜನರೇಟರ್ ಸದ್ದು ಮಾಡಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕೇಳೇ ಇಲ್ಲವಲ್ಲ?"

"ಅದಕ್ಕೇ ಅಲ್ವೇನಮ್ಮ ಟಾನಿಕ್ ಕೊಡೋದು. ಪಾಪ, ಶಕ್ತಿ ಬರಲಿ."

ಜೀವಮಾನವೆಲ್ಲ ಲಾರಿ ಓಡಿಸಿದವರು. ಎಡಗೈ ಹೆಬ್ಬೆರಳಿಗೆ ಉಗುರಿಲ್ಲ; ಲಾರಿಯ ಹಿಂಬಾಗಿಲು ಕಚ್ಚಿಕೊಂಡು ಹೋಯಿತಂತೆ. ಲೋಕದಲ್ಲಿ ಏನನ್ನು ತೋರಿಸಬೇಕಾದರೂ ಆ ಬೋಳು ಬೆರಳಿನಲ್ಲೇ. ಹಳೇ ಗಾಡಿ ಮಾರಿದ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಹೊಸದನ್ನು ಕಂಡು, "ಇದೇನು ಲಾರಿಯೋ ಮಿಕ್ಸಿಯೋ?" ಅಂದರು. ಆದರೂ ಗಾಡಿ ಮನೆಯಲ್ಲಿ ನಿಂತ ದಿನವೆಲ್ಲ ಬೆಳಿಗ್ಗೆ ನಮಗಿಂತ ಮೊದಲು ಎದ್ದು ಅದರ ಸುತ್ತ ಒಂದು ಸುತ್ತು ಬರುತ್ತಾರೆ. ಪ್ರೀತಿ. ಏನು ಮಾಡೋದು.

ಫೆಬ್ರವರಿ 19

ಮೀಸೆ ಫೋನ್ ಮಾಡಿದ. ನಮ್ಮ ಡ್ರೈವರ್. ಹೆಸರಷ್ಟೇ ಮೀಸೆ, ಮುಖದಲ್ಲಿ ಒಂದು ಕೂದಲಿಲ್ಲ. ಮಾವನ ಕೈಕೆಳಗೆ ಸ್ಟೇರಿಂಗ್ ಹಿಡಿಯೋದು ಕಲಿತವನು. ಅವರನ್ನು ದೊಡ್ಡ ಯಜಮಾನ್ರು ಅಂತಾನೆ, ಇವರನ್ನು ಬರೀ ಅಣ್ಣ.

"ಅಕ್ಕ, ಗಾಡಿ ಮತ್ತೆ ಎಳೀತಾ ಇಲ್ಲ. ಡ್ಯಾಶ್‌ಬೋರ್ಡ್ ತುಂಬಾ ದೀಪ, ಮದುವೆ ಮನೆ ಹಾಗೆ. ಏರಿನಲ್ಲಿ ಸೈಕಲ್‌ನವನೊಬ್ಬ ನನ್ನನ್ನು ಹಿಂದೆ ಹಾಕಿ, ತಿರುಗಿ ಕೈ ಬೀಸಿ ಹೋದ."

"ನೀನೇನು ಮಾಡಿದೆ?"

"ನಾನೂ ಬೀಸಿದೆ. ಇನ್ನೇನು ಮಾಡಲಿ, ಇಳಿದು ತಳ್ಳಲಾ?"

ನಕ್ಕೆ. ಇವರು ನಗಲಿಲ್ಲ. ಹೋದ ಸಲ ಹೀಗಾದಾಗಲೇ ಫಿಲ್ಟರ್ ಕ್ಲೀನ್ ಮಾಡಿಸಿದ್ದರು. ವಾರಂಟಿ ಇದೆಯಲ್ಲ, ನೋಡೇಬಿಡ್ತೀನಿ ಅಂತ ಷರಟು ಇಸ್ತ್ರಿ ಮಾಡಿಸಿಟ್ಟಿದ್ದಾರೆ.

ಫೆಬ್ರವರಿ 22

ಸರ್ವೀಸ್ ಸೆಂಟರ್‌ಗೆ ನಾನೂ ಹೋದೆ. ಇವರು ಕೂಗಾಡಿದರೆ ಷರಟು ಹಿಡಿದು ಎಳೆಯಲು ಒಬ್ಬರು ಬೇಕಲ್ಲ.

ಇಂಜಿನಿಯರ್ ಫಿಲ್ಟರನ್ನು ಒಂದು ಹಾಳೆಯ ಮೇಲೆ ಬಡಿದ. ಬೂದು ಬಣ್ಣದ ಪುಡಿ ಉದುರಿತು.

"ಇದು ಮಸಿ ಅಲ್ಲ ಸರ್. ಮಸಿ ಆಗಿದ್ದರೆ ಗಾಡಿ ತಾನೇ ಸುಟ್ಟುಕೊಳ್ಳುತ್ತೆ. ಇದು ಬೂದಿ. ಬೂದಿಯನ್ನ ಇನ್ನೊಂದು ಸಲ ಸುಡೋಕಾಗಲ್ಲ."

"ಅದು ಎಲ್ಲಿಂದ ಬಂತು?"

"ಟ್ಯಾಂಕಿನ ಡೀಸೆಲ್ ಟೆಸ್ಟ್ ಮಾಡಿಸಿದ್ವಿ. ಯಾರೋ ಏನೋ ಬೆರೆಸಿದ್ದಾರೆ. ಒಂದು ಸಲ ಅಲ್ಲ, ತುಂಬಾ ದಿನದಿಂದ. ವಾರಂಟಿ ಬರಲ್ಲ ಸರ್."

ಷರಟು ಎಳೆಯುವ ಕೆಲಸ ಬೀಳಲಿಲ್ಲ. ಇವರು ಕೂಗಲೇ ಇಲ್ಲ. ಅದೇ ಹೆದರಿಕೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಂಗಳದಲ್ಲೇ ಕೋರ್ಟು. ಮಾವ ಜಗಲಿಯ ಮಂಚದ ಮೇಲೆ. ನಾನು ಬಾಗಿಲಲ್ಲಿ. ಮೀಸೆ ಫ್ಲಾಸ್ಕ್ ಹಿಡಿದು ನಿಂತಿದ್ದ.

"ಎಷ್ಟು ದಿನದಿಂದ ಮಾರ್ತಾ ಇದ್ದೀಯೋ?"

"ಏನನ್ನ ಅಣ್ಣ?"

"ಡೀಸೆಲ್. ದಾರೀಲಿ ಕದ್ದು ಮಾರೋದು, ಕೊರತೆಗೆ ಏನೋ ಕಲಸಿ ತುಂಬೋದು. ನನ್ನ ಕಿವಿಗೆ ಹೂವು ಇಡ್ತೀಯಾ? ಫಿಲ್ಟರ್ ತುಂಬಾ ಬೂದಿ ಬಂದಿದೆ ಬೂದಿ!"

ಮೀಸೆ ಇವರನ್ನು ಬಿಟ್ಟು ಮಂಚದ ಕಡೆ ತಿರುಗಿದ. "ದೊಡ್ಡ ಯಜಮಾನ್ರೇ, ನೀವಾದರೂ ಹೇಳಿ. ನಾನು ಅಂಥವನಾ?"

ಮಾವ ಗೋಡೆ ಕಡೆ ಹೊರಳಿದರು.

"ಅಮ್ಮಾ, ನನ್ನ ಕೆಮ್ಮಿನ ಔಷಧಿ ಎಲ್ಲಿಟ್ಟೆ?"

ಒಳಗೆ ಹೋಗಿ ತಂದೆ. ಅಷ್ಟರಲ್ಲಿ ಗಾಡಿಯ ಬೀಗದಕೈ ಕಟ್ಟೆಯ ಮೇಲಿತ್ತು, ಮೀಸೆ ಗೇಟಿನಾಚೆ. ಬಾಟಲಿ ಬಿಚ್ಚುವಾಗ ಒಂದು ವಿಷಯ ತಲೆಗೆ ಬಂತು, ಹಾಗೇ ಹೋಯಿತು — ನಾವು ಮನೆಗೆ ಬಂದಾಗಿನಿಂದ ಮಾವ ಒಂದು ಸಲವೂ ಕೆಮ್ಮಿರಲಿಲ್ಲ.

ಫೆಬ್ರವರಿ 23

ಲಾರಿ ಮಾಲೀಕರದೊಂದು ವಾಟ್ಸಾಪ್ ಗ್ರೂಪಿದೆ. ದಿನಾ ಬೆಳಿಗ್ಗೆ ಗುಲಾಬಿ ಹೂವು, ಸಜ್ಜನರ ಸಂಗದ ಬಗ್ಗೆ ನಾಲ್ಕು ನುಡಿ. ಇವತ್ತು ಅದರಲ್ಲಿ ಮೀಸೆಯ ಫೋಟೋ. "ಡೀಸೆಲ್ ಕಳ್ಳ. ಕೆಲಸ ಕೊಡುವ ಮುನ್ನ ಎಚ್ಚರ." ಇವರೇ ಹಾಕಿದ್ದು. ಹೆಬ್ಬೆಟ್ಟುಗಳ ಸುರಿಮಳೆ.

ಆ ಫೋಟೋ ತೆಗೆದದ್ದು ನಾನು. ಹೊಸ ಗಾಡಿ ಬಂದ ದಿನ. ಮಾವ, ಮೀಸೆ, ಹಿಂದೆ ಗಾಡಿ. ಮಾವನ ಭಾಗವನ್ನು ಕತ್ತರಿಸಿದ್ದಾರೆ. ಅವನು ನಗ್ತಾ ಇದ್ದಾನೆ. ನಗುವ ಕಳ್ಳ. ನೋಡಿದವರಿಗೆ ಇನ್ನೂ ಕೋಪ ಬರುತ್ತೆ.

ಮಾರ್ಚ್ 14

ಹೊಸ ಫಿಲ್ಟರ್, ಹೊಸ ಡ್ರೈವರ್. ಗಾಡಿ ಚೆನ್ನಾಗಿದೆ. ಡ್ರೈವರ್ ನಿಂತಲ್ಲೇ ನಿದ್ದೆ ಮಾಡ್ತಾನೆ. ಹೆಸರು ಇಡುವ ಕಷ್ಟ ತಪ್ಪಿತು, ನಿದ್ರಾಸುರ.

"ನೋಡಿದೆಯಾ? ಅವನು ಹೋದ, ರೋಗ ಹೋಯ್ತು," ಅಂತಾರೆ ಇವರು, ದಿನಕ್ಕೊಂದು ಸಲ, ಊಟದ ಜೊತೆ.

ಮೆಡಿಕಲ್ ಶಾಪಿನಲ್ಲಿ ಮೀಸೆಯ ಹೆಂಡತಿ ಸಿಕ್ಕಳು. ನಾನು ಕಾಣದವಳ ಹಾಗೆ ಕೆಮ್ಮಿನ ಔಷಧಿಯ ಲೇಬಲ್ ಓದಿದೆ. ಅವಳೇ ಹತ್ತಿರ ಬಂದಳು.

"ಕೆಲಸ ಕೇಳೋಕೆ ಹೋದರೆ ಲೈಸೆನ್ಸ್ ನೋಡಲ್ಲ ಅಕ್ಕ. ಮುಖ ನೋಡ್ತಾರೆ, ಫೋನ್ ನೋಡ್ತಾರೆ, ಮತ್ತೆ ಮುಖ ನೋಡ್ತಾರೆ. ಈಗ ನಮ್ಮವರು ಕಾರು ತೊಳೆಯೋಕೆ ಹೋಗ್ತಾರೆ. ತೊಳೆದ ಕಾರನ್ನ ನೆರಳಿಗೆ ನಿಲ್ಲಿಸೋಕೂ ಕೀ ಕೊಡಲ್ಲವಂತೆ."

ಏನಾದರೂ ಹೇಳಬೇಕಿತ್ತು. "ಹೌದಾ," ಅಂದೆ. ಎಂಥಾ ಮಾತುಗಾರ್ತಿ ನಾನು!

ಈ ತಿಂಗಳು ಮಾವ ಟಾನಿಕ್ ಕೇಳಿಲ್ಲ. ಜನರೇಟರ್‌ಗೆ ಶಕ್ತಿ ಬಂದಿರಬೇಕು.

ಮಾರ್ಚ್ 21

ಆಲಿಕೆ ಸಿಕ್ಕಿದೆ. ಪ್ರಕಟಣೆಯನ್ನು ಹಿಂದಕ್ಕೆ ಪಡೆಯಲಾಗಿದೆ.

ಮಧ್ಯಾಹ್ನ ಕರೆಂಟ್ ಹೋಯಿತು. ಟಾನಿಕ್ ಕುಡಿದ ಜನರೇಟರ್ ಇದೆಯಲ್ಲ, ನೋಡೋಣ ಅಂತ ಶೆಡ್ಡಿಗೆ ಹೋದೆ. ಟ್ಯಾಂಕಿನ ಮುಚ್ಚಳ ತುಕ್ಕು ಹಿಡಿದು ಕೂತಿದೆ. ಕಲ್ಲಿನಲ್ಲಿ ಕುಟ್ಟಿ ತೆಗೆದೆ. ಒಳಗೆ ಒಂದು ಜೇಡ, ಸಂಸಾರ ಸಮೇತ. ಡೀಸೆಲ್ ವಾಸನೆ ಕಂಡು ವರ್ಷಗಳಾಗಿವೆ.

ಹಿಂದಿನ ಗೂಡಿನಲ್ಲಿ ಖಾಲಿ ಕೆಂಪು ಬಾಟಲಿಗಳು. ಮಾವನ ಶಿಸ್ತು, ಸಾಲಾಗಿ ಜೋಡಿಸಿಟ್ಟಿದ್ದಾರೆ. ಕೊನೆಯ ಬಾಟಲಿಯ ತಲೆ ಮೇಲೆ ಟೋಪಿಯ ಹಾಗೆ ನನ್ನ ಆಲಿಕೆ. ಮೂಸಿದೆ. ಡೀಸೆಲ್ಲು.

ಬೆಳಗಿನ ಆ ಸುತ್ತು. ಪ್ರೀತಿ ಅಂದುಕೊಂಡೆನಲ್ಲ. ಪ್ರೀತಿಯೇ. ಹಳೇ ಗಾಡಿಗೆ ಕುಡಿಸುತ್ತಿದ್ದದ್ದನ್ನು ಹೊಸದಕ್ಕೂ ಕುಡಿಸಿದ್ದಾರೆ.

ಬಾಟಲಿಯ ಮೇಲೆ ಸಣ್ಣ ಅಕ್ಷರ: ಹಳೆಯ ಮಾದರಿಯ ಇಂಜಿನ್‌ಗಳಿಗೆ ಮಾತ್ರ, ಹೊಗೆ ಫಿಲ್ಟರ್ ಇರುವ ವಾಹನಗಳಿಗೆ ಹಾಕಬಾರದು. ಪೊಟ್ಟಣ ಕಟ್ಟಿಕೊಟ್ಟ ಪೇಪರ್ ಚೂರನ್ನೂ ಬಿಡದೆ ಓದುವವಳು ನಾನು. ಇದನ್ನು ಓದಲಿಲ್ಲ. ಅಂಗಡಿಯಿಂದ ಹೊತ್ತು ತಂದವಳೂ ನಾನೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಕಾಯಿಸಲು ಸೌದೆ ಹೊತ್ತವಳು ಈ ಸೊಸೆ.

ಮಾರ್ಚ್ 22

ಆಲಿಕೆಯನ್ನು ಮಾವನ ಮಂಚದ ಮೇಲಿಟ್ಟೆ. ಅದನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಮಾವ, ಇದನ್ನ ಅವರಿಗೆ ಹೇಳಬೇಕಲ್ಲ. ನಿಮಗೆ ಗೊತ್ತಿರಲಿಲ್ಲ, ಒಳ್ಳೇದಕ್ಕೇ ಮಾಡಿದ್ರಿ ಅಂತ—"

"ಗೊತ್ತಾಯ್ತಮ್ಮ. ಅವತ್ತೇ. ನಿನ್ನ ಗಂಡ ಬೂದಿ ಅಂದ ತಕ್ಷಣ."

ಬಾಯಿ ಅಗಲ ಅಂತ ಹೆಸರಾದವಳು. ಹೊರಟದ್ದು ಎರಡೇ ಪದ: "ಮತ್ತೆ ಮೀಸೆ?"

"ಅವನಿಗೆ ವಯಸ್ಸಿದೆ. ಎಲ್ಲಾದರೂ ಒಂದು ಗಾಡಿ ಸಿಗುತ್ತೆ."

"ಅವನು ನಿಮ್ಮನ್ನೇ ಕೇಳಿದ. ಎದುರಿಗೆ ನಿಂತು."

ಉಗುರಿಲ್ಲದ ಬೆರಳಿನಿಂದ ಆಲಿಕೆಯ ಅಂಚು ಸವರುತ್ತಾ ಕೂತರು. "ಈ ಮನೇಲಿ ನನ್ನ ಮಾತು ಅಂತ ಇನ್ನು ನಡೆಯೋದು ಗಾಡಿ ವಿಷಯ ಒಂದೇ, ತಾಯಿ. ಅದೂ ನನಗೆ ಗೊತ್ತಿಲ್ಲ ಅಂತಾದರೆ... ಆಮೇಲೆ ನಾನು ಯಾರು?"

ಬೈಯಲು ಸಿದ್ಧ ಮಾಡಿಕೊಂಡದ್ದೆಲ್ಲ ಮರೆತುಹೋಯಿತು. ಕೋಪ ಮಾತ್ರ ಹೋಗಲಿಲ್ಲ.

ಮಾರ್ಚ್ 23

ಇವರಿಗೆ ಹೇಳಿದೆ. ಬಾಟಲಿ ತೋರಿಸಿದೆ. ಲೇಬಲ್ ಓದಿದರು, ತಿರುಗಿಸಿ ಇನ್ನೊಂದು ಸಲ ಓದಿದರು. ತಟ್ಟೆಯಲ್ಲಿ ಕೈ ತೊಳೆದರು. ಇವತ್ತು ಊಟದ ಜೊತೆ "ಅವನು ಹೋದ, ರೋಗ ಹೋಯ್ತು" ಇರಲಿಲ್ಲ.

"ಗ್ರೂಪಿನಲ್ಲಿ ತಪ್ಪಾಯ್ತು ಅಂತ ಹಾಕಿ."

"ಏನಂತ ಹಾಕಲಿ? ಕಳ್ಳ ಇವನಲ್ಲ, ನಮ್ಮಪ್ಪ ಅಂತಲಾ? ಅಪ್ಪನ ಫೋಟೋ ಹಾಕಲಾ?"

"ಯಾರೂ ಕದ್ದಿಲ್ಲ ಅಂತ ಹಾಕಿ. ಒಂದೇ ಸಾಲು."

"ಆಮೇಲೆ ಹತ್ತು ಜನ ಫೋನ್ ಮಾಡಿ, ಮತ್ತೆ ಯಾರು ಅಂತ ಕೇಳ್ತಾರೆ. ಸುಮ್ಮನಿರು. ಜನ ಮರೀತಾರೆ."

"ಮರೆಯೋಕೆ ಫೋಟೋ ಬಿಡಬೇಕಲ್ಲ."

ಎದ್ದು ಹೋದರು. ಫೋನ್ ತೆಗೆದುಕೊಂಡು ಹೋದರು. ಸ್ನಾನಕ್ಕೂ ಅದರ ಜೊತೆಯೇ ಹೋಗುತ್ತಿದ್ದಾರೆ.

ಮಾರ್ಚ್ 31

ಕಾರು ತೊಳೆಯುವ ಜಾಗಕ್ಕೆ ಹೋಗಿದ್ದೆ. ಮೀಸೆ ಪೈಪ್ ಹಿಡಿದು ನಿಂತಿದ್ದ. ಪ್ಯಾಂಟು ಮೊಣಕಾಲಿನ ತನಕ ಒದ್ದೆ. ಎಲ್ಲ ಹೇಳಿದೆ. ನೀರು ನಿಲ್ಲಿಸದೇ ಕೇಳಿದ.

"ನಮ್ಮ ಮನೆಗೆ ವಾಪಸ್ ಬಾ ಅಂತ ನಾನೇ ಕರೀತೀನಿ," ಅಂದೆ.

"ನಿಮ್ಮ ಗಾಡಿ ಬೇಡ ಅಕ್ಕ. ನೀವು ಇಲ್ಲಿ ಬಂದು ಹೇಳಿದ್ದನ್ನ ಅಲ್ಲಿ ಹೇಳಿ. ಗ್ರೂಪಿನಲ್ಲಿ."

"ಆ ಗ್ರೂಪಿನಲ್ಲಿ ನಾನಿಲ್ಲವಲ್ಲೋ."

"ನಾನಿದ್ದೀನಿ ಅಕ್ಕ," ಅಂದ. "ಫೋಟೋದಲ್ಲಿ."

ಅವನ ಫೋನಿಗೂ ಅದು ಬಂದಿದೆ. ತೋರಿಸಿದ. ಇಷ್ಟು ದಿನ ನಾನು ಇವರ ಭುಜದ ಹಿಂದಿನಿಂದ ಇಣುಕಿ ನೋಡಿದ್ದೆನೇ ಹೊರತು ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಮಾವನನ್ನು ಕತ್ತರಿಸಿದ್ದಾರೆ, ಸರಿ. ಆದರೆ ಅವಸರದಲ್ಲಿ ಪೂರ್ತಿ ಕತ್ತರಿಸಿಲ್ಲ. ಮೀಸೆಯ ಹೆಗಲ ಮೇಲೆ ಒಂದು ಕೈ ಉಳಿದುಬಿಟ್ಟಿದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಮನೆಯಲ್ಲಿ ಆ ಗಾದೆಯೂ ಕೆಟ್ಟಿತು. ಮುಟ್ಟಿದ ಹೆಗಲು ಬೇರೆಯವನದು.

ಇದನ್ನು ಯಾರೂ ಓದುವುದಿಲ್ಲ, ಗೊತ್ತು. ಅಕಸ್ಮಾತ್ ಓದಿದರೆ, ಓದಿದವರು ಆ ಗ್ರೂಪಿನಲ್ಲಿದ್ದರೆ, ಒಂದು ಸಣ್ಣ ಉಪಕಾರ. ಆ ಫೋಟೋವನ್ನು ಸ್ವಲ್ಪ ದೊಡ್ಡದು ಮಾಡಿ, ಹೆಗಲ ಮೇಲಿರುವ ಕೈ ಯಾರದು ಅಂತ ನಮ್ಮವರನ್ನು ಕೇಳಿ. ಎಲ್ಲರ ಎದುರಿಗೇ ಕೇಳಿ. ಅಷ್ಟೇ, ಇನ್ನೇನೂ ಬೇಡ. ಗುರುತು ಸುಲಭ — ಎಡಗೈ, ಹೆಬ್ಬೆರಳಿಗೆ ಉಗುರಿಲ್ಲ.