ನುಂಗಿದೆನೋ ಇಲ್ಲವೋ

ಮಂಗಳವಾರ, ಮಾರ್ಚ್ ೧೨. ಗೀಳು ಕಾಯಿಲೆಯ ಮಾತ್ರೆ ಶುರುವಾಗಿ ಆರು ವಾರ. ಇವತ್ತೂ ಒಂದೇ ಅಂಗಿಯ ಕಾಲರನ್ನು ಸರಿಯಿಲ್ಲವೆನಿಸಿ ಮೂರು ಸಲ ಬಿಚ್ಚಿ ಹೊಲಿದೆ. ಮೊದಲು ಹತ್ತು ಸಲ ಬಿಚ್ಚುತ್ತಿದ್ದೆ, ನಿಜ. ಆದರೂ ಸಾಕಾಗಿದೆ.

ಊಟವಾದ ಮೇಲೆ ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿತು. ಇನ್ನೊಂದನ್ನು ಒತ್ತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೂ ಆಯಿತು. ತಂಗಿ ಕೈ ಹಿಡಿದಳು.

"ನುಂಗಿದೀಯಕ್ಕ, ನಾನೇ ನೀರು ಕೊಟ್ಟೆ. ಇನ್ನೊಂದ್ಸಲ ಕೇಳಿದ್ರೆ ಹೇಳಲ್ಲ. ಒಂದೇ ಸಲ ಹೇಳ್ಬೇಕು ಅಂದಿದಾರೆ ಡಾಕ್ಟರಮ್ಮ."

ಮತ್ತೆ ಕೇಳಿದೆ. ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಾ ನಿಂತಳು.

ಅನುಮಾನ ಬಂದರೆ ಎರಡನೆಯದನ್ನು ನುಂಗಬೇಡಿ, ಬೇಸತ್ತು ನೀವಾಗಿಯೇ ನಿಲ್ಲಿಸಲೂ ಬೇಡಿ ಎಂದಿದ್ದರು ಡಾಕ್ಟರಮ್ಮ. ಕೈಯಲ್ಲಿದ್ದದ್ದನ್ನು ನಾಳೆಗೆಂದು ತಂಗಿಗೇ ಕೊಟ್ಟೆ.

ಅನುಮಾನ ಇನ್ನೂ ಎದ್ದೇ ಕೂತಿದೆ. ಕೂತಿರಲಿ. ನಾನು ಮಲಗುತ್ತೇನೆ.