ಹೊಸ್ತಿಲ ಶಾಲು

ಕರಿಕಟ್ಟಿ,
ಕ್ರಿ.ಶ. 2191, ಫೆಬ್ರವರಿ 30

ಸಭಾ ಹಿರಿಯರಾದ ದೇವಪುತ್ರಪ್ಪ ಕಟ್ಟಿಮನಿಯವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ದೊಡ್ಡವರು ವರ್ಷಕ್ಕೊಮ್ಮೆಯಾದರೂ ಬಾಯಿ ಮುಚ್ಚಿಕೊಂಡು ಮಕ್ಕಳ ಮಾತು ಕೇಳಲೆಂದು ನಮ್ಮ ಸ್ತ್ರೀಯರ ಸಂಘ ಸೇರಿಸಿದ ದಿನವಿದು. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು. ಅದಕ್ಕೆ ಕ್ಷಮೆ ಇರಲಿ. ಹೇಳುವ ವಿಷಯಕ್ಕೆ ಕ್ಷಮೆ ಕೇಳುವುದಿಲ್ಲ. ಈ ಪತ್ರ ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ನನ್ನ ತಾಯಿ ತನ್ನದನ್ನು ತೀರಿಹೋದ ಅಜ್ಜಿಗೆ ಬರೆದಳು. ನಾನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ.

ನಾಳೆ ನಿಮ್ಮ ಚರ್ಚಿನ ಮಹಾಸಭೆ. ಸ್ತ್ರೀಯರ ಸಂಘದ ಸಮಾಧಾನಮ್ಮನವರು ಒಂದು ನಿಯಮ ತರುತ್ತಿದ್ದಾರೆ: ಮಗುವೊಂದು ಸಭಾಪಾಲಕನ ಮೇಲೆ ದೂರು ಹೇಳಿದರೆ ಅವನನ್ನು ಅಂದೇ ಕೆಲಸದಿಂದ ಇಳಿಸಬೇಕು, ಪೊಲೀಸರಿಗೆ ತಿಳಿಸಬೇಕು, ಬೇರೆ ಊರಿಗೆ ವರ್ಗ ಮಾಡಕೂಡದು. ಸಂಡೇ ಸ್ಕೂಲಿನ ಹುಡುಗಿ ಕರುಣಾ ನಿಮ್ಮ ಪಾಲಕನ ಬಗ್ಗೆ ಏನು ಹೇಳಿದಳೆಂದು ನಿಮಗೆ ಚೆನ್ನಾಗಿ ಗೊತ್ತು. ನಿಮಗೆ ನಾಳೆಯಾದದ್ದು ನಮಗೆ ಹಳೆಯ ಕಥೆ, ಆದ್ದರಿಂದ ಹೇಳಿಬಿಡುತ್ತೇನೆ. ಮತ ಹಾಕುವ ಹಕ್ಕಿದ್ದ ಹೆಂಗಸರೆಲ್ಲ ಅಡುಗೆಮನೆಯಲ್ಲಿ ನಿಮಗಾಗಿ ಅನ್ನ ಬಸಿಯುತ್ತಿದ್ದಾಗ ನೀವು ಎದ್ದು ನಿಂತಿರಿ. “ಮನಿ ಮಾತು ಮನ್ಯಾಗ ಇರ್ಲಿ. ಇದನ್ನ ಪ್ರಾರ್ಥನಾದಾಗ ಇಡೂಣು” ಅಂದಿರಿ. ವಿರೋಧಕ್ಕೆ ಕೈಗಳು ಎದ್ದವು, ನಿಯಮ ಬಿದ್ದುಹೋಯಿತು. ಸಮಾಧಾನಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡಿಬಂದಾಗ ಎಲ್ಲ ಮುಗಿದಿತ್ತು. ಸಂಜೆ ಪಾಲಕನಿಗೆ ಬೀಳ್ಕೊಡುಗೆ. ಅಂಚಿನಲ್ಲಿ ನಿಮ್ಮ ಹೆಸರು ನೇಯಿಸಿದ ಶಾಲನ್ನು ನೀವೇ ಹೊದಿಸಿದಿರಿ. ಅವನು ಮುಂದಿನ ಊರಿಗೆ ಹೋದ. ಅಲ್ಲಿ ಒಂಬತ್ತು ವರ್ಷದ ಸುವಾರ್ತಾ ಇದ್ದಳು. ನಮ್ಮ ವಂಶದಲ್ಲಿ ಮೊದಲ ಹೆಣ್ಣುಮಗುವಿಗೆ ಅವಳ ಹೆಸರೇ ಇಡುತ್ತೇವೆ. ನನ್ನ ಹೆಸರೂ ಅದೇ.

ಸುವಾರ್ತಾಳ ತಾಯಿ ಯಾವ ಹಿರಿಯರನ್ನೂ ಕೇಳದೆ ನೇರ ಪೊಲೀಸ್ ಠಾಣೆಗೆ ಹೋದಳು. ಮರುವರ್ಷದ ನಿಮ್ಮ ಮಹಾಸಭೆಯಲ್ಲಿ ಒಲೆ ಹೊತ್ತಲಿಲ್ಲ. “ಒಲಿ ಹಚ್ಚಂಗಿಲ್ರಿ. ಮೊದಲ ಕೈ ಎತ್ರಿ, ಆಮ್ಯಾಲ ಊಟ” ಎಂದು ಸಮಾಧಾನಮ್ಮ ಅಡುಗೆಮನೆಯ ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿ ಮೊದಲ ಬೆಂಚಿನಲ್ಲಿ ಕುಳಿತರು. ಹೃದಯ ಒಪ್ಪದ ನಿಯಮವನ್ನು ಹೊಟ್ಟೆ ಒಪ್ಪಿತು. ಅಂದಿನಿಂದ ನಮ್ಮಲ್ಲಿ ‘ತಣ್ಣೊಲೆ’ ಎಂಬ ಪದ್ಧತಿ ಇದೆ: ಅಧ್ಯಕ್ಷರು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಅಂಗೈ ಇಟ್ಟು ನೋಡಬೇಕು, ತಣ್ಣಗಿದ್ದರೆ ಮಾತ್ರ ಮತಕ್ಕೆ ಹಾಕಬೇಕು. ಅಡುಗೆಯನ್ನು ಗಂಡಸರು ಹಿಂದಿನ ದಿನವೇ ಮಾಡಿಟ್ಟಿರುತ್ತಾರೆ. ರೊಟ್ಟಿ ಹಲಗೆಯಂತಿರುತ್ತದೆ, ತಿನ್ನುತ್ತೇವೆ. ಯಾರಾದರೂ ಪ್ರಾರ್ಥನೆಯಲ್ಲಿ ಇಡೋಣ ಎಂದರೆ ಅವರನ್ನು ಪ್ರಾರ್ಥಿಸಲು ಹೊರಗೆ ಕಳಿಸಿ, ಮತದಾನ ಮುಗಿದ ಮೇಲೆ ಒಳಗೆ ಕರೆಯುತ್ತೇವೆ.

ಪೊಲೀಸರು ಪಾಲಕನನ್ನು ಕರೆದೊಯ್ದ ದಿನ ನಿಮ್ಮ ಶಾಲು ಅವನ ಮನೆಗೋಡೆಯ ಮೊಳೆಯಲ್ಲೇ ಉಳಿದಿತ್ತು. ಸಂಘದವರು ಅದನ್ನು ತಂದು ಸಭಾಭವನದ ಹೊಸ್ತಿಲಿಗೆ ಹಾಸಿದರು. ಸವೆದಾಗಲೆಲ್ಲ ಅದೇ ಅಂಚಿನ, ಅದೇ ಹೆಸರಿನ ಇನ್ನೊಂದನ್ನು ನೇಯುತ್ತಾರೆ. ಒಳಗೆ ಬರುವವರು, ಬಿಷಪ್ಪರೇ ಆಗಲಿ, ನಿಮ್ಮ ಹೆಸರನ್ನು ಗಟ್ಟಿಯಾಗಿ ಓದಿ ಕಾಲೊರೆಸಿಕೊಂಡು ಬರಬೇಕು. ಇದು ಕ್ರೈಸ್ತರಿಗೆ ತಕ್ಕದ್ದಲ್ಲ, ಕ್ಷಮಿಸಬೇಕು ಎಂದು ಕೆಲವರು ಹೇಳುತ್ತಾರೆ. ಕ್ಷಮಿಸುವ ಹಕ್ಕು ಸುವಾರ್ತಾಳದಾಗಿತ್ತು. ಅವಳು ಸಾಯುವವರೆಗೂ ಕ್ಷಮಿಸಲಿಲ್ಲ, ನನಗೂ ಅವಸರವಿಲ್ಲ. ಈಗಿನ ಅಧ್ಯಕ್ಷೆ ನಿಮ್ಮ ಮರಿಮೊಮ್ಮಗಳ ಮೊಮ್ಮಗಳು. ಎಲ್ಲರಿಗಿಂತ ಹೆಚ್ಚು ಹೊತ್ತು ಕಾಲೊರೆಸಿಕೊಳ್ಳುವವಳು ಅವಳೇ. ಅದನ್ನು ನೋಡುವುದೆಂದರೆ ನನಗೆ ಹಬ್ಬ.

ಆದರೂ ಒಂದು ಮಾತು. ನಾಳೆ ಅನ್ನ ಬಸಿದು ಮುಗಿಯುವ ತನಕ ಕಾಯಿರಿ. ಹೆಂಗಸರನ್ನು ಒಳಗೆ ಕರೆಯಿರಿ. ಆಮೇಲೆ ನಿಯಮದ ಪರವಾಗಿ ಕೈ ಎತ್ತಿ. ಆಗ ಆ ಪಾಲಕ ಮುಂದಿನ ಊರಿಗೆ ಹೋಗುವುದಿಲ್ಲ. ಸುವಾರ್ತಾ ಎಲ್ಲ ಹುಡುಗಿಯರಂತೆ ಬೆಳೆಯುತ್ತಾಳೆ, ನನಗೆ ಬೇರೇನೋ ಹೆಸರಿರುತ್ತದೆ, ಹೊಸ್ತಿಲ ಮೇಲೆ ಏನೂ ಇರುವುದಿಲ್ಲ. ಈ ಸೇಡಿನ ಸುಖವನ್ನೆಲ್ಲ ನಾನು ಅವಳಿಗಾಗಿ ಬಿಟ್ಟುಕೊಡಬಲ್ಲೆ. ನಿಮಗಾಗಿ ಅಲ್ಲ.

ಕೈ ಎತ್ತದಿದ್ದರೆ ನಿಮ್ಮಿಷ್ಟ. ನಮ್ಮಲ್ಲಿ ಈಗ ಫೆಬ್ರವರಿಯಲ್ಲೇ ಮಳೆ ಹಿಡಿಯುತ್ತದೆ. ಅಂಗಳದ ತುಂಬ ಎರೆಮಣ್ಣಿನ ಕೆಸರು, ನಾಳೆ ನಮ್ಮದೂ ಮಹಾಸಭೆ.

ಸುವಾರ್ತಾ