ಅಟ್ಟದ ಮೇಲಿನ ಸಭಿಕರು

ಮಾರ್ಚ್ 2, 2025. ಬೆಳಿಗ್ಗೆ

ಎಲೈ ಸಭಿಕರೇ! ಅಟ್ಟದ ಮೇಲೆ ಒಬ್ಬರ ಮೈಮೇಲೊಬ್ಬರು ಬಿದ್ದು ಕುಳಿತಿರುವ ತೆಂಗಿನಕಾಯಿಗಳೇ! ಇಗೋ, ರಂಗಕ್ಕೆ ಬಂದೆ — ರೇಣುಕಪ್ರಸಾದ್, ಬೇಸ್ ಗಿಟಾರಿಸ್ಟ್, ರಾಕ್ ಪ್ರೊಡ್ಯೂಸರ್. ಬೆಂಗಳೂರಿನಲ್ಲಿ ಮೂವತ್ತು ವರ್ಷ ಕಂಡವರ ಹಾಡಿಗೆಲ್ಲ ಅಡಿಪಾಯ ಹಾಕಿದವನು. ಆಲ್ಬಮ್ಮಿನ ಕವರಿನ ಮೇಲೆ ಒಮ್ಮೆಯೂ ಹೆಸರಿಲ್ಲ. ನಾಟಕದಲ್ಲಿ ಭೀಮನಾಗಿ ಅಪ್ಪ ಗದೆ ಎತ್ತಿದರೆ ಇಡೀ ತಿಪಟೂರು ಚಪ್ಪಾಳೆ ಹೊಡೆಯುತ್ತಿತ್ತು. ಮಗನಿಗೆ ಈಗ ಅದೇ ಊರಿನ ಕೊಬ್ಬರಿ ಗೋಡೌನಿನಲ್ಲಿ ಸ್ಟುಡಿಯೋ.

ಆದರೂ... ನಿನ್ನೆ ದಪ್ಪ ತಂತಿ ಮೀಟಿದೆ. ಅಟ್ಟ ನಡುಗಿತು. ವರ್ಷದಿಂದ ಒಣಗುತ್ತಿರುವ ಕಾಯಿಗಳೊಳಗೆ ಚಿಪ್ಪು ಬಿಟ್ಟ ಕೊಬ್ಬರಿ ಲೊಟಲೊಟ ಅಂದಿತು. ಸಾವಿರ ಕಾಲು ಒಟ್ಟಿಗೆ ತಾಳ ಹಾಕಿದ ಹಾಗೆ! ಓಡಿಹೋಗಿ ಮೇಲೊಂದು ಮೈಕ್ ಕಟ್ಟಿದೆ.

ಮಾರ್ಚ್ 9

ಹಾಡುವವಳು ಸಿಂಧು, ತುರುವೇಕೆರೆಯವಳು. ಹೆಡ್‌ಫೋನ್ ಹಾಕಿಕೊಂಡು ನಕ್ಕಳು. "ಮೇಲೆ ಯಾರ್ ಸಾರ್ ಅಷ್ಟೊಂದ್ ಜನ?"

ಆ ಸದ್ದಿನ ಮೇಲೆ ಅವಳು ಹಾಡಿದ್ದನ್ನು ಬೆಂಗಳೂರಿನ ಆಡಿಯೋ ಕಂಪನಿಗೆ ಕಳಿಸಿದ್ದೆವು. ಒಪ್ಪಿದ್ದಾರೆ. ಇದೇ ಸದ್ದಿನಲ್ಲಿ ಇನ್ನೊಂದು ಹಾಡು ಬೇಕು, ತಿಂಗಳ ಕೊನೆಯೊಳಗೆ. ಕವರಿನ ಮೇಲೆ ನನ್ನ ಹೆಸರು!

ಮಾರ್ಚ್ 11

ಗೋಡೌನಿನ ಯಜಮಾನರು, ಕೊಬ್ಬರಿ ವ್ಯಾಪಾರಿ ಪರಮಶಿವಯ್ಯ. ಅವರಿಗೆ ಕೇಳಿಸದೆ ಇರಲಾಗಲಿಲ್ಲ. ಹಾಳು ಬುದ್ಧಿ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದರು. ತಲೆ ತೂಗಿದರು. ಇನ್ನೊಂದು ಸಲ ಹಾಕಿಸಿಕೊಂಡರು. ನನಗೆ ಎದೆ ಉಬ್ಬಿತು.

"ಭೇಷ್ ಕಣಪ್ಪ ಪ್ರಸಾದ! ಸದ್ದೇ ಹೇಳ್ತದೆ, ಕಾಯಿ ಒಣಗ್ಬುಟ್ಟವೆ. ನಾನಿನ್ನೂ ಎರಡ್ ತಿಂಗ್ಳು ಆಗ್ಬೇಕು ಅಂತಿದ್ದೆ. ನಾಳೇನೇ ಸುಲಿಯೋರ್ನ ಕರುಸ್ತೀನಿ."

"ಹಾಡು, ಯಜಮಾನ್ರೇ?"

"ಹಾಡಾ? ಅದೂ ಇತ್ತು ಬುಡು."

ತಿಂಗಳ ಕೊನೆಯವರೆಗೆ ತಡೆಯಿರಿ ಎಂದು ಕೈ ಮುಗಿದೆ.

"ನಿನ್ ಗಿಟಾರ್ಗೆ ಕಾಯ್ತಾ ಕೂತ್ರೆ ರೇಟು ಕಾಯ್ತದೇನ್ಲಾ?"

ಮಾರ್ಚ್ 24

ಹಳೆಯ ಕಾಯಿ ಮರುದಿನವೇ ಇಳಿದವು. ಬರೆಯುವ ಮನಸ್ಸಿರಲಿಲ್ಲ. ಹಳೆಯ ಸದ್ದನ್ನೇ ಕಂಪ್ಯೂಟರಿನಲ್ಲಿ ಕತ್ತರಿಸಿ ಹೊಸ ಹಾಡಿಗೆ ಅಂಟಿಸಿ ನೋಡಿದೆ — ಹೆಣಕ್ಕೆ ಬಣ್ಣ ಹಚ್ಚಿದ ಹಾಗಿತ್ತು. ಇವತ್ತು ಅಟ್ಟಕ್ಕೆ ಹೊಸ ಕಾಯಿ ಏರಿಸಿದರು. ಹೊಟ್ಟೆ ತುಂಬ ನೀರು. ಎಷ್ಟು ಮೀಟಿದರೂ ತುಟಿಪಿಟಕ್ ಅನ್ನುವುದಿಲ್ಲ.

ಸಿಂಧು ಫೋನ್ ಮಾಡಿದಳು. "ಸಾರ್, ಕಂಪನಿಯವ್ರು ಬೇರೆ ಪ್ರೊಡ್ಯೂಸರ್ ಹತ್ರ ಮಾಡಿಸ್ತೀವಿ ಅಂತಾವ್ರೆ. ಬೇಸು ಕೀಬೋರ್ಡಲ್ಲೇ ಬಾರುಸ್ತಾರಂತೆ. ಏನ್ ಹೇಳ್ಲಿ?"

"ಭಾನುವಾರದ್ ತನಕ ತಡಿಯಮ್ಮ."

ಮಾರ್ಚ್ 28. ಸಂಜೆ

ಹತ್ತಿರದ ಹಾಲ್ಕುರಿಕೆಯಲ್ಲಿ ತೆಂಗಿನ ತೋಟದ ಕರಿಬಸವಯ್ಯನ ಅಟ್ಟದಲ್ಲಿ ಹಳೆಯ ಕಾಯಿ ಇನ್ನೂ ಇವೆಯಂತೆ. ಫೋನ್ ಹಚ್ಚಿದೆ.

"ಬಾರಪ್ಪ, ಬಂದು ಬಾರ್ಸು! ನಿನ್ ವಿಷ್ಯ ಪರಮಶಿವಯ್ಯ ಹೇಳ್ದ. ನಮ್ ಕಾಯೂ ಒಣಗವಾ ಅಂತ ಒಸಿ ನೋಡ್ಕೊಡು. ಒಣಗಿದ್ರೆ ಅವತ್ತೇ ಇಳುಸ್ಬುಡ್ತೀನಿ."

ಕೇಳಿದಿರಾ, ಮಹಾಜನರೇ! ಮೂವತ್ತು ವರ್ಷ ತಂತಿ ಮೀಟಿದ್ದಕ್ಕೆ ಕೊನೆಗೂ ನಾಡಿನಲ್ಲಿ ಹೆಸರು ಬಂತು — ಕಾಯಿ ನೋಡುವವನು!

ಇರಲಿ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗುತ್ತೇನೆ. ಸಿಂಧುವೂ ಅಲ್ಲಿಗೇ ಬರುತ್ತಾಳೆ. ಅಟ್ಟದ ತೊಲೆ ಅದುರುವಂತೆ ಮೀಟುತ್ತೇನೆ. ಹಾಡು ಪೂರ್ತಿ ರೆಕಾರ್ಡ್ ಆಗುವವರೆಗೆ ಹೆಡ್‌ಫೋನ್ ಯಾರಿಗೂ ಕೊಡುವುದಿಲ್ಲ. ಅಷ್ಟರೊಳಗೆ ಕರಿಬಸವಯ್ಯ ಬಾಗಿಲಿಗೆ ಬಂದು, ಏನಾಯ್ತಪ್ಪ ಅಂದರೆ, ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಎಲ್ಲವೂ ಇನ್ನೂ ಹಸಿ ಸ್ವಾಮೀ, ಹಸಿ ಎಂದು ಅಪ್ಪನ ಭೀಮನ ಗತ್ತಿನಲ್ಲಿ ಸಾರುತ್ತೇನೆ!